ಕುಣಿಯೋ ಬಂಗ್ಲೆಯ ಪರದೆ

3 ಫೆಬ್ರವರಿ 1984

ಕೊನೆಗೂ ಆ ಪೀಡೆ ನೆಲಕ್ಕುರುಳುವುದು ಖಾತ್ರಿಯಾಯಿತು. ಯುಗಾದಿಯೊಳಗೆ ಪೆವಿಲಿಯನ್ ಕೆಡವುತ್ತಾರಂತೆ. ತಗಡು, ತೇಗ, ಕಬ್ಬಿಣ ಎಲ್ಲ ಹರಾಜು. ಆ ಜಾಗದಲ್ಲಿ ಕಂಪನಿಯ ಗೋದಾಮು ಏಳುತ್ತದೆ. ಬಂಗಾರಪೇಟೆಗೆ ಹೋಗುವ ಬೆಳಗಿನ ರೈಲಿನಲ್ಲಿ ಸುದ್ದಿ ಕೇಳಿದ್ದು. ಶಾಲೆಯಲ್ಲಿ ಇಡೀ ದಿನ ಖುಷಿಯಾಗಿದ್ದೆ. ಹುಡುಗರು ಮಗ್ಗಿ ತಪ್ಪಿದರೂ ಬಯ್ಯಲಿಲ್ಲ.

ಉರಿಗಾಂ ದಿಬ್ಬದ ಮೇಲೆ ಕೆಂಪು ತಗಡಿನ ಟೋಪಿ ಹಾಕಿಕೊಂಡು ಕೂತಿರುವ ಆ ಕಟ್ಟಡವನ್ನು ಕೂಲಿ ಲೈನಿನ ಮನೆಗಳ ಜನ ಕುಣಿಯೋ ಬಂಗ್ಲೆ ಅನ್ನುತ್ತಾರೆ. ಮುಂದುಗಡೆ ಕ್ರಿಕೆಟ್ ಮೈದಾನ, ಒಳಗೆ ನಾಟಕದ ರಂಗ. ಕೆಳಗೆ ಚಿನ್ನದ ಗಣಿಯ ಪಾತಾಳದಲ್ಲಿ ನಮ್ಮ ತಾತಂದಿರು ಬಂಡೆ ಒಡೆದು ಧೂಳು ನುಂಗುತ್ತಿದ್ದಾಗ ಮೇಲೆ ಇವರು ಮುಖಕ್ಕೆ ಹಿಟ್ಟು ಬಳಿದುಕೊಂಡು ರಾಜ ರಾಣಿ ಆಟ ಆಡುತ್ತಿದ್ದರು. ಕೂಲಿಯವನು ಮೆಟ್ಟಿಲಿಗೆ ಕಾಲಿಟ್ಟರೆ ಕಾವಲುಗಾರ ಕಲ್ಲು ಬೀರುತ್ತಿದ್ದ. ಬಿಳಿ ಸಾಹೇಬರು ಹೋಗಿ ಕರಿ ಸಾಹೇಬರು ಬಂದರು, ಮೆಟ್ಟಿಲು ಮಾತ್ರ ನಮಗೆ ಸಿಗಲಿಲ್ಲ. ಈಗ ಸೂರು ಸೋರಿ ಪಾರಿವಾಳಗಳ ಪಾಯಿಖಾನೆಯಾಗಿದೆ. ಈಗ ಯಾರು ಬೇಕಾದರೂ ಹತ್ತಬಹುದು!

ನಾಚಿಕೆಗೇಡು ಏನೆಂದರೆ, ಆ ಕಾಲದಲ್ಲೇ ಆ ಮೆಟ್ಟಿಲು ಹತ್ತಿದ ಕೂಲಿಯೊಬ್ಬ ನಮ್ಮ ಮನೆಯಲ್ಲೇ ಇದ್ದಾನೆ. ನನ್ನಪ್ಪ ಪೆರುಮಾಳ್. ಮೂವತ್ತು ವರ್ಷ ಆ ರಂಗದ ಪರದೆ ಎತ್ತಿ ಇಳಿಸಿದವನು. ಪಿತ್ತಾಳೆ ಗುಂಡಿಯ ಬಿಳಿ ಕೋಟು ಇನ್ನೂ ಟ್ರಂಕಿನಲ್ಲಿದೆ. ಯಾರಾದರೂ ಮನೆಗೆ ಬಂದರೆ ಸಾಕು, ಹಗ್ಗ ಕೊರೆದ ಅಂಗೈ ಚಾಚುತ್ತಾನೆ.

"ನೋಡ್ರಲಾ ಈ ಕೈಯ. ಇದು ಮೇಲಕ್ಕೆದ್ರೇನೇ ದೊರೆ, ದೊರೆಸಾನಿ ಎಲ್ಲಾ. ಇಲ್ದಿದ್ರೆ ಬರೀ ಬಟ್ಟೆ."

ಸುದ್ದಿ ಹೇಳಿದೆ. ಕೆಡವುತ್ತಾರಂತೆ ಅಂದೆ. ಅಪ್ಪ ಎಂದಿನಂತೆ ಒಂದು ಭುಜ ಮೇಲೆತ್ತಿಕೊಂಡು ನಸ್ಯದ ಡಬ್ಬಿ ತೆಗೆದು ಎರಡು ಸಲ ತಟ್ಟಿದ. "ಯಾರು?" ಅಂದ. ಕಂಪನಿ ಅಂದೆ. "ಕಂಪನಿಗೆ ಪರದೆ ಇಳಿಸೋಕೆ ಬತ್ತದಾ?" ಅಂದು ನಸ್ಯ ಏರಿಸಿ ಗೋಡೆ ಕಡೆ ತಿರುಗಿ ಮಲಗಿದ.

ಗುಲಾಮಗಿರಿಗೂ ಪಿಂಚಣಿ ಇರುತ್ತದೆ. ಅದನ್ನು ಜಂಬ ಅನ್ನುತ್ತಾರೆ.

9 ಫೆಬ್ರವರಿ

ಕೆಡವುವ ಮುಂಚೆ ಅಲ್ಲೇ, ಆ ರಂಗದ ಮೇಲೇ ನಮ್ಮ ನಾಟಕ ಆಗಬೇಕು. ಇದು ನನ್ನ ಯೋಚನೆ. ನಮ್ಮ ಸಿಡಿಮದ್ದು ತಂಡ ಇಲ್ಲಿಯವರೆಗೆ ಆಡಿದ್ದೆಲ್ಲ ಬೀದಿಯಲ್ಲಿ, ಸಂತೆಯಲ್ಲಿ, ಗಣಿಯ ಗೇಟಿನ ಮುಂದೆ. ಒಂದೇ ಒಂದು ಸಲ ಅವರ ಹಲಗೆಯ ಮೇಲೆ ನಿಂತು ಅವರ ಮುಖಕ್ಕೆ ಉಗಿಯಬೇಕು. ನಾಟಕ ಬರೆದೇಬಿಟ್ಟೆ. ಹೆಸರು 'ದೊರೆಯ ಕಾಲು'.

ಸಂಜೆ ಪಾಪಕ್ಕನ ಮನೆಯಲ್ಲಿ ಓದಿದೆ. ಪಾಪಕ್ಕ ಉರಿಗಾಂ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ, ನಮ್ಮ ತಂಡದಲ್ಲಿ ತಮಟೆ ಅವಳದೇ. ದೊರೆಯ ಪಾತ್ರ ನನ್ನದು. ದೊರೆಯ ಆಳು ಸಲಾಂಸಾಮಿ, ಅದು ಜಯರಾಮಪ್ಪನದು. ಜಯರಾಮ ನಂದಿದುರ್ಗ ಗಣಿಯಲ್ಲಿ ಟ್ರಾಲಿ ತಳ್ಳುವವನು. ಮೈಯೆಲ್ಲ ಕಣ್ಣು. ಯಾರನ್ನಾದರೂ ಒಮ್ಮೆ ನೋಡಿದರೆ ಹಾಗೇ ನಡೆದು ತೋರಿಸುತ್ತಾನೆ.

ಸಲಾಂಸಾಮಿಯ ಕೆಲಸ ನಾಟಕದ ಪರದೆ ಎಳೆಯುವುದು. ದೊರೆ ಕೆಮ್ಮಿದರೆ ಬಗ್ಗುತ್ತಾನೆ, ಸೀನಿದರೆ ಬಗ್ಗುತ್ತಾನೆ. ಕೊನೆಗೆ ದೊರೆ ಕಾಲು ಚಾಚುತ್ತಾನೆ, ಇವನು ತೆವಳಿಕೊಂಡು ಬಂದು ಆ ಕಾಲಿಗೆ ಬೀಳುತ್ತಾನೆ. ಆಗ ಇಡೀ ತಂಡ ನುಗ್ಗಿ ಘೋಷಣೆ ಕೂಗುತ್ತದೆ.

ಜಯರಾಮ ಎದ್ದು ನಿಂತು ಒಂದು ಭುಜ ಮೇಲಕ್ಕೆತ್ತಿದ, ಡಬ್ಬಿ ಎರಡು ಸಲ ತಟ್ಟಿದಂತೆ ಮಾಡಿದ, ನಸ್ಯ ಏರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಾಪಕ್ಕ ಮಾತ್ರ ನಗುತ್ತಲೇ ಕೇಳಿದಳು:

"ಮೇಷ್ಟ್ರೇ, ಇದು ನಿಮ್ಮಪ್ಪ ಅಲ್ವರಾ?"

"ಇದು ಯಾರೊಬ್ಬರೂ ಅಲ್ಲ ಪಾಪಕ್ಕ. ಇದು ಒಂದು ವರ್ಗ."

"ವರ್ಗ ಯಾಕೆ ನಸ್ಯ ಆಕ್ತದೆ?"

ಇವಳಿಗೆ ಎಷ್ಟು ಅಧ್ಯಯನ ಶಿಬಿರ ಮಾಡಿದರೂ ಅಷ್ಟೆ. ನಮ್ಮೊಳಗಿನ ಗುಲಾಮನನ್ನು ಸುಮ್ಮನೆ ಬಿಟ್ಟು ಹೊರಗಿನ ದೊರೆಯನ್ನು ಬಯ್ಯುವುದು ಹೇಡಿತನ ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲರೂ ಒಪ್ಪಿದರು.

14 ಫೆಬ್ರವರಿ

ಕಂಪನಿಯ ವೆಲ್‌ಫೇರ್ ಆಫೀಸರ್ ಹತ್ತಿರ ಅನುಮತಿ ಕೇಳಲು ಹೋಗಿದ್ದೆ. ಗಲಾಟೆ ಮಾಡಿಯೇ ಪಡೆಯಬೇಕೆಂದು ತಯಾರಾಗಿ ಹೋದರೆ ಆ ಮನುಷ್ಯ ಟೀ ತರಿಸಿದ! ವಿಷಯ ಇಷ್ಟು: ಇಂಗ್ಲೆಂಡಿನ ಪಕ್ಕದ ವೇಲ್ಸ್ ಅನ್ನುವ ಸೀಮೆಯಿಂದ ಮಿಸ್ ಪ್ರಾಸರ್ ಅಂತ ಒಬ್ಬ ಮುದುಕಿ ಬರುತ್ತಿದ್ದಾಳೆ. ತನ್ನ ಸೀಮೆಯ ಹಳೆಯ ನಾಟಕದ ಮನೆಗಳು, ಪೆವಿಲಿಯನ್‌ಗಳ ಚರಿತ್ರೆ ಬರೆಯುವುದು ಅವಳ ಹುಚ್ಚು. ನಮ್ಮ ಕುಣಿಯೋ ಬಂಗ್ಲೆ ಕಟ್ಟಿಸಿದ್ದು ಅವಳ ತಾತನಂತೆ. ಕೆಡವುವ ಮುಂಚೆ ಆ ಪರದೆ ಒಂದು ಸಲ ಏಳುವುದನ್ನು ನೋಡಬೇಕಂತೆ.

"ಏನಾದರೂ ಕಲ್ಚರಲ್ ಪ್ರೋಗ್ರಾಂ ಇರಬೇಕಲ್ಲ ಮೇಷ್ಟ್ರೇ, ನಿಮ್ಮದೇ ಇರಲಿ. ಮಾರ್ಚ್ ಹದಿನೆಂಟು, ಭಾನುವಾರ. ಆದ್ರೆ ಪರದೆ ಏಳಬೇಕು, ಬೀಳಬೇಕು. ಅದೇ ಕಂಡೀಷನ್."

ಕಲ್ಚರಲ್ ಪ್ರೋಗ್ರಾಂ! ನಾವು ಏನು ಆಡುತ್ತೇವೆ ಅಂತ ಅವನು ಕೇಳಲೂ ಇಲ್ಲ. ಪರವಾಗಿಲ್ಲ, ಗೊತ್ತಾಗುತ್ತದೆ. ಎದ್ದು ಬರುವಾಗ ಆತ ಹಿಂದಿನಿಂದ ಕೂಗಿ ಹೇಳಿದ:

"ಪರದೆ ರಾಟೆ ನಿಮ್ಮ ಹುಡುಗರಿಗೆ ಬೇಡ. ಹೋದ ವರ್ಷ ವಾಚ್‌ಮನ್ ಮುಟ್ಟಿದ್ದ, ಹಿಡಿ ತಿರುಗಿ ಕೈ ಮುರಿಯಿತು. ಪೆರುಮಾಳ್ ಅಂತ ಒಬ್ಬ ಮುದುಕ ಚಾಂಪಿಯನ್ ರೀಫ್ಸ್ ಲೈನಲ್ಲಿದ್ದಾನೆ, ಅವನೇ ಮಾಡಬೇಕು."

ಅವನು ನನ್ನಪ್ಪ ಎಂದು ನಾನು ಹೇಳಲಿಲ್ಲ.

ಅಂದರೆ ಜಯರಾಮ ಸಲಾಂಸಾಮಿಯಾಗಿ ತೆವಳುವಾಗ ಅಪ್ಪ ಪಕ್ಕದ ಮರೆಯಲ್ಲಿ ಹಿಡಿ ಹಿಡಿದು ನಿಂತಿರುತ್ತಾನೆ. ನೋಡಲಿ. ನೋಡಬೇಕಾದವನು ಅವನೇ ತಾನೆ? ಇದರಲ್ಲಿ ಯೋಚಿಸುವುದೇನೂ ಇಲ್ಲ.

15 ಫೆಬ್ರವರಿ

ಯೋಚಿಸುವುದೇನೂ ಇಲ್ಲ.

19 ಫೆಬ್ರವರಿ

ಅಪ್ಪನಿಗೆ ಹೇಳಿದೆ. ಹೇಳಿ ಮುಗಿಸುವ ಮುಂಚೆಯೇ ಟ್ರಂಕು ತೆಗೆದ. ಅಮ್ಮ ಕದಿರಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ನಕ್ಕಳು. "ಮದುವೆ ಗಂಡು ಒಂಟ್ರು ನೋಡು."

"ನಾಟ್ಕದಾಗೆ ಏನೈತೆ?" ಅಂದ ಅಪ್ಪ.

"ದೊರೆಗಳನ್ನ ಬಯ್ಯೋದು."

"ಬಯ್ರಿ ಬಯ್ರಿ. ಅವರಪ್ಪಂದೇನು ಓಗ್ತದೆ. ಪರದೆ ಎಲ್ಲಿ ಬೀಳ್ಬೇಕು?"

"ನಮ್ಮದು ಬೀದಿ ನಾಟಕ. ಪರದೆ ಇರಲ್ಲ."

"ಮತ್ತೆ ಎಂಗ್ಲಾ ಮುಗೀತದೆ?"

"ಘೋಷಣೆ ಕೂಗ್ತೀವಿ."

"ಆಮ್ಯಾಕೆ?"

"ಸಾಮಾನ್ಯವಾಗಿ ಪೊಲೀಸರು ಬರ್ತಾರೆ."

"ಬರ್ದಿದ್ರೆ?"

"ಇನ್ನೊಂದು ಸಲ ಕೂಗ್ತೀವಿ."

ಅಪ್ಪ ಅಮ್ಮನ ಕಡೆ ನೋಡಿದ. "ಇವನ ನಾಟ್ಕ ಮುಗಿಸೋಕೆ ಪೊಲೀಸ್ನೋರು ಬರ್ಬೇಕಂತೆ ಕದ್ರೀ. ಬಡಪಾಯಿಗಳು, ಅವರಿಗೆ ಬ್ಯಾರೆ ಕೆಲ್ಸ ಇರಲ್ವಾ?"

ಇಬ್ಬರೂ ನಕ್ಕರು. ರಂಗಭೂಮಿಯ ರಾಜಕೀಯ ಇವರಿಗೆ ಅರ್ಥವಾಗುವಂಥದ್ದಲ್ಲ. ಕೊನೆಯ ಘೋಷಣೆ ಆದಮೇಲೆ ಇಳಿಸು ಎಂದಷ್ಟೇ ಹೇಳಿದೆ. ಸಲಾಂಸಾಮಿಯ ವಿಷಯ ಹೇಳಲಿಲ್ಲ. ನಾಟಕದ ಕಥೆಯನ್ನು ಮುಂಚೆಯೇ ಹೇಳುವ ಪದ್ಧತಿ ನಮ್ಮ ತಂಡದಲ್ಲಿಲ್ಲ.

26 ಫೆಬ್ರವರಿ

ಇವತ್ತು ಮೊದಲ ಸಲ ಪೆವಿಲಿಯನ್ ಒಳಗೆ ಕಾಲಿಟ್ಟೆ. ಬೇಕೆಂದೇ ಚಪ್ಪಲಿ ಹಾಕಿಕೊಂಡು, ಬೇಕೆಂದೇ ಜೋರಾಗಿ ಹೆಜ್ಜೆ ಹಾಕಿದೆ. ಅಪ್ಪ ರಂಗದ ಅಂಚಿನಲ್ಲಿ ಚಪ್ಪಲಿ ಬಿಟ್ಟ.

"ಇದೇನು ಗುಡಿಯಾ? ಹಾಕ್ಕೋ" ಅಂದೆ.

"ಗುಡಿ ಅಲ್ಲ ಕಣ್ಲಾ. ಅಲಗೆ. ಕಾಲಿಗೆ ಗೊತ್ತಾಗ್ಬೇಕು, ಎಲ್ಲಿ ಮೆತ್ತಗೈತೆ ಅಂತ."

ಅವನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ನನ್ನ ಎಡಗಾಲು ಗೆದ್ದಲು ತಿಂದ ಹಲಗೆಯೊಳಗೆ ಇಳಿಯಿತು. ಪಾಪಕ್ಕ ತಮಟೆಗೆ ಒಂದು ಏಟು ಹಾಕಿದಳು. ಇಂಥ ಸಮಯದಲ್ಲಿ ಅವಳಿಗೆ ತಾಳ ಚೆನ್ನಾಗಿ ಬರುತ್ತದೆ.

ಪರದೆಯ ರಾಟೆ ಗಣಿಯ ವರ್ಕ್‌ಶಾಪಿನಲ್ಲೇ ಮಾಡಿದ್ದಂತೆ. ಜನರನ್ನು ಪಾತಾಳಕ್ಕೆ ಇಳಿಸುವ ರಾಟೆಯ ಮರಿ. ಅಲ್ಲಿ ನಮ್ಮನ್ನು ಇಳಿಸುವುದಕ್ಕೆ, ಇಲ್ಲಿ ಬಟ್ಟೆ ಏರಿಸುವುದಕ್ಕೆ. ಇದಕ್ಕಿಂತ ನಿರ್ಲಜ್ಜ ರೂಪಕ ನಾನೂ ಕಟ್ಟಲಾರೆ. ಪರದೆಯ ಕೆಳಅಂಚಿಗೆ ತೊಡೆ ಗಾತ್ರದ ಮರದ ದಿಂಡು ಹೊಲಿದಿದೆ, ಬಿಟ್ಟರೆ ಧಡ್ ಅಂತ ಬೀಳಲಿ ಅಂತ.

ಅಪ್ಪ ಹಿಡಿ ತಿರುಗಿಸಿದ. ಕೆಂಪು ಮಕಮಲ್ಲು, ತುಂಬ ತೂತು. ಅದು ಮೇಲೇಳುವಾಗ ಹಿಂದಿನ ಕಿಟಕಿಯ ಬಿಸಿಲು ಆ ತೂತುಗಳಲ್ಲೆಲ್ಲ ತೂರಿ ಹಲಗೆಯ ಮೇಲೆ ಹರಿದಾಡಿತು. ಎಷ್ಟೋ ವರ್ಷದ ಧೂಳು ಬಂಗಾರದ ಬಣ್ಣಕ್ಕೆ ತಿರುಗಿ ಇಳಿಯಿತು. ಜಯರಾಮ ಬಾಯಿ ತೆರೆದುಕೊಂಡು ನಿಂತ.

ನನಗೇನೂ ಅನ್ನಿಸಲಿಲ್ಲ. ಇನ್ನೊಂದು ಸಲ ಎತ್ತಲು ಹೇಳಿದೆ, ರಾಟೆ ಸರಿಯಾಗಿದೆಯಾ ನೋಡಲು. ಆಮೇಲೆ ಇನ್ನೂ ಒಂದು ಸಲ.

ಒಂದು ಜಗಳವೂ ಆಯಿತು. ರಂಗದ ಅಂಚಿನಲ್ಲಿ, ಪರದೆ ಬೀಳುವ ಗೆರೆಯಿಂದಲೂ ಈಚೆ, ಜನರ ಕಡೆಗೆ ನಿಂತು ನಾನು ಕಾಲು ಚಾಚುವುದು ಅಂತ ಗುರುತು ಹಾಕಿದೆ. ಅಪ್ಪ ತಲೆ ಆಡಿಸಿದ.

"ಗೆರೆ ದಾಟಿ ನಿಂತ್ಕೋಬ್ಯಾಡ. ಪರದೆ ಬಿದ್ರೆ ಆಚೆಗೆ ಒಬ್ನೇ ಸಿಕ್ಕಾಕ್ಕೊಂತೀಯ."

"ನಾನು ಬೀದಿಯವನು. ಜನರ ಹತ್ತಿರ ನಿಲ್ಲೋನು. ಬಟ್ಟೆ ಹಿಂದೆ ಬಚ್ಚಿಟ್ಟುಕೊಳ್ಳೋದು ಬಿಳಿಯರ ನಾಟಕದೋರು."

"ಸರಿ ಬಿಡು" ಅಂದ ಅಪ್ಪ. "ನಿಂತ್ಕೋ."

2 ಮಾರ್ಚ್

ಸಲಾಂಸಾಮಿಯ ನಸ್ಯ ತೆಗೆದುಹಾಕಿದೆ. ದೃಶ್ಯ ಉದ್ದವಾಗಿತ್ತು.

4 ಮಾರ್ಚ್

ಭುಜ ಎತ್ತುವುದನ್ನೂ. ಅದೂ ಉದ್ದಕ್ಕೇ.

6 ಮಾರ್ಚ್

ಮಿಸ್ ಪ್ರಾಸರ್ ಬಂದಿಳಿದಳು. ರಜೆ ಹಾಕಿ ಹೋಗಿದ್ದೆ, ದುಭಾಷಿ ಬೇಕಂತೆ. ತೆಳ್ಳಗೆ, ಕೊಕ್ಕರೆಯ ಹಾಗೆ, ಕೊಡೆ ಊರಿಕೊಂಡು. ಗೋಡೆ ತಟ್ಟುತ್ತಾಳೆ, ಕಂಬ ಮೂಸುತ್ತಾಳೆ. ತಾತನ ಆಸ್ತಿ ನೋಡಲು ಬಂದ ಮೊಮ್ಮಗಳು ಅಂದುಕೊಂಡು ಹಲ್ಲು ಕಚ್ಚಿ ಹಿಂದೆ ನಡೆದೆ. ನಮ್ಮ ಜನ ಈ ಮೆಟ್ಟಿಲು ಹತ್ತುವ ಹಾಗಿರಲಿಲ್ಲ ಎಂದು ಇಂಗ್ಲಿಷಿನಲ್ಲಿ, ವ್ಯಾಕರಣ ತಪ್ಪದಂತೆ, ಮುಖಕ್ಕೆ ಹೇಳಿದೆ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳೂರಿನಲ್ಲಿ ಇಂಥದ್ದೇ ಒಂದು ಪೆವಿಲಿಯನ್ ಇತ್ತಂತೆ. ಅದು ಕಲ್ಲಿದ್ದಲು ಗಣಿಯ ಕೂಲಿಗಳು ತಮ್ಮ ಕೂಲಿಯಲ್ಲಿ ಮುರಿದು ಕಟ್ಟಿಕೊಂಡದ್ದು. ಅಲ್ಲಿ ನಾಟಕ, ಹಾಡು, ಸಂಘದ ಸಭೆ, ಮುಷ್ಕರದ ಗಂಜಿ, ಎಲ್ಲ. ಅದಕ್ಕೆ ತಾನೂ ಕೂಲಿ ಮುರಿಸಿಕೊಂಡಿದ್ದ ಅವಳ ತಾತ ಸಾಹೇಬನಾಗಿ ಬಂದು ಅಂಥದ್ದನ್ನೇ ಇಲ್ಲಿ ಕಟ್ಟಿಸಿ, ಬಾಗಿಲಿಗೆ ಕಾವಲು ಹಾಕಿದ. ಅಲ್ಲಿಯದನ್ನು ಕೆಡವಿ ಕಾರು ನಿಲ್ಲಿಸುವ ಬಯಲು ಮಾಡಿದ್ದಾರಂತೆ.

"ಕೂಲಿಯವನಾಗಿ ಕಟ್ಟಿದ, ಸಾಹೇಬನಾಗಿ ಮುಚ್ಚಿದ" ಅಂದಳು. ಮಾತು ಚೆನ್ನಾಗಿತ್ತು. ನಾನು ಹೇಳಬೇಕಾಗಿದ್ದ ಮಾತನ್ನು ಅವಳು ಹೇಳಿದ್ದು ಹಿಡಿಸಲಿಲ್ಲ.

ಅಪ್ಪ ಕೋಟು ಹಾಕಿಕೊಂಡು ರಾಟೆಯ ಪಕ್ಕದಲ್ಲಿ ನಿಂತಿದ್ದ. ಆಗ ಪರದೆ ಎತ್ತಿ ಇಳಿಸುತ್ತಿದ್ದವನು ಇವನೇ ಎಂದು ಹೇಳಿದ್ದೇ ತಡ, ಅವಳಿಗೆ ನಗು. ಅವಳ ಚಿಕ್ಕಪ್ಪ, ಕಟ್ಟಿಸಿದವನ ಮಗ, ಇಲ್ಲಿನ ನಾಟಕಗಳಲ್ಲೆಲ್ಲ ರಾಜನಂತೆ. ಎಲ್ಲ ಮುಗಿದಮೇಲೆ ಮುಂದೆ ಬಂದು ಬಗ್ಗಿ ಚಪ್ಪಾಳೆ ತೆಗೆದುಕೊಳ್ಳುವುದೆಂದರೆ ಅವನಿಗೆ ಪ್ರಾಣ. ಆದರೆ ಅವನು ಬಗ್ಗುವ ಮುಂಚೆಯೇ ಪರದೆ ಧಡ್ ಅಂತ ಬೀಳುತ್ತಿತ್ತಂತೆ. ಒಂದು ಸಲ ಮೂಗಿಗೇ ಬಿತ್ತು. ಎಣ್ಣೆ ಹಾಕಿಸಿದ, ರಾಟೆ ಬದಲಿಸಿದ, ಉಹೂಂ. ಕೋಲಾರದ ಹವೆಗೆ ಯಂತ್ರ ಕೆಡುತ್ತದೆ ಅಂತ ಸಾಯುವವರೆಗೂ ಹೇಳುತ್ತಿದ್ದನಂತೆ. ಮನೆಯಲ್ಲಿ ಇವತ್ತಿಗೂ ಅದೊಂದು ನಗೆಯ ಕಥೆ.

ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪನ ಮುಖ ಕಲ್ಲು.

"ಅಗ್ಗ ಒಣಗಿತ್ತು ಅಂತ ಯೋಳು."

ಹೇಳಿದೆ. ಅವಳು ಅಪ್ಪನನ್ನು ಒಂದು ಗಳಿಗೆ ನೋಡಿ, ಕೈ ಮುಂದೆ ಚಾಚಿದಳು. ಕುಲುಕುವ ಮುಂಚೆ ಅಪ್ಪ ಅಂಗೈ ಕೋಟಿಗೆ ಒರೆಸಿಕೊಂಡ. ನೋಡಿ ನನಗೆ ಮೈ ಉರಿಯಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ಸೆರಗು ಬಾಯಿಗಿಟ್ಟುಕೊಂಡು ಒಲೆಯ ಮುಂದೆ ಕುಸಿದಳು.

"ಅಗ್ಗ ಒಣಗಿತ್ತಂತಾ! ಒಣಗಿದ್ದು ಇವರ ಕಿವಿ ಕಣಪ್ಪಾ. ಒಂದ್ ದಪ ಪರದೆ ತಡ ಆಯ್ತು ಅಂತ ಆ ಚಿಕ್ಕದೊರೆ ಎಲ್ಲಾರ ಮುಂದೆ ಬೆತ್ತದಾಗೆ ಕಿವಿ ಮ್ಯಾಲೆ ಬಿಟ್ಟ. ಅವತ್ತಿಂದ ತಡ ಆಗ್ಲೇ ಇಲ್ಲ. ದೊರೆ ಬಗ್ಗೋಕೆ ಮುಂಚೇನೇ ಬೀಳ್ತಿತ್ತು. ದೊರೆ ಇರೋಗಂಟ ಒಂದ್ ದಿನಾನೂ ಅವನಿಗೆ ಚಪ್ಪಾಳೆ ಪೂರ್ತಿ ಬೀಳ್ಲಿಲ್ಲ."

ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಡಬ್ಬಿ ತಟ್ಟುತ್ತಿದ್ದ.

ಇದನ್ನು ಹೋರಾಟ ಅನ್ನಬೇಕೇ? ಬೆತ್ತದ ಏಟಿಗೆ ಮುಷ್ಕರ ಮಾಡಬೇಕಿತ್ತು, ಸಂಘ ಕಟ್ಟಬೇಕಿತ್ತು. ಬಟ್ಟೆ ಇಳಿಸಿದನಂತೆ! ಒಬ್ಬನೇ ಒಬ್ಬನಿಗೂ ಗೊತ್ತಾಗದಂಥ ಪ್ರತಿಭಟನೆ ಯಾವ ಪ್ರತಿಭಟನೆ? ಏಟು ತಿಂದ ವಿಷಯವನ್ನು ನನಗೆ ಇಷ್ಟು ವರ್ಷ ಹೇಳಲೂ ಇಲ್ಲ.

ಯಾವ ಕಿವಿ ಎಂದು ಕೇಳಲಿಲ್ಲ. ಎಡಗಡೆ ನಿಂತು ಮಾತಾಡಿದರೆ ಅವನಿಗೆ ಕೇಳಿಸುವುದಿಲ್ಲ. ಅದು ವಯಸ್ಸಿಗೆ ಅಂದುಕೊಂಡಿದ್ದೆ.

11 ಮಾರ್ಚ್

ತಾಲೀಮಿನಲ್ಲಿ ರಂಪ. ಸಲಾಂಸಾಮಿ ಕಾಲಿಗೆ ಬೀಳುವ ಬದಲು ಸುಮ್ಮನೆ ನಿಲ್ಲಲಿ ಅಂದೆ. ಜಯರಾಮ ಪೇಟ ಬಿಚ್ಚಿ ನೆಲಕ್ಕೆ ಹಾಕಿದ.

"ನಸ್ಯ ಬ್ಯಾಡ ಅಂದ್ರಿ. ಭುಜ ಬ್ಯಾಡ ಅಂದ್ರಿ. ಈಗ ಬೀಳೋದೂ ಬ್ಯಾಡ. ನಾನೇನು ಸಾರ್ ಮಾಡ್ಲಿ, ಲೈಟ್ ಕಂಬದ ಪಾರ್ಟಾ?"

"ನಮ್ಮೊಳಗಿನ ಗುಲಾಮನ್ನ ಬಿಡಬಾರ್ದು ಅಂತ ಅರ್ಧ ಗಂಟೆ ಕೊರೆದ್ರಲ್ಲ ಮೇಷ್ಟ್ರೇ" ಅಂದಳು ಪಾಪಕ್ಕ. "ಗುಲಾಮ ನಿಮ್ಮ ಮನೆಯೋನು ಅಂತ ಬಿಟ್ಬಿಡೋದಾದ್ರೆ ಈಗ್ಲೇ ಯೋಳ್ಬಿಡಿ. ನಾನು ಸೊಪ್ಪು ಮಾರೋಕೆ ಓಗ್ತೀನಿ."

ಯಾರ ಮನೆಯವನೂ ಅಲ್ಲ ಎಂದು ಕೂಗಿದೆ. ಇದು ರಾಜಕೀಯ ನಾಟಕ, ಮನೆಯ ಗೋಳು ಇಲ್ಲಿಲ್ಲ ಎಂದೆ. ಬೀಳುವುದು ಇರಲಿ ಎಂದೆ. ಇದೆ.

17 ಮಾರ್ಚ್

ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು. ಅಮ್ಮ ಹೊಲಿದು ಹಲ್ಲಿನಲ್ಲಿ ದಾರ ಕಡಿದಳು. ಅಪ್ಪ ತೆಂಗಿನೆಣ್ಣೆ ತೆಗೆದುಕೊಂಡು ಹೋಗಿ ರಾಟೆಗೆ ಹಾಕಿ ಬಂದ. ಹೇಳಿಬಿಡೋಣ ಅಂತ ಎರಡು ಸಲ ಕಟ್ಟೆಯವರೆಗೆ ಹೋದೆ. ಎರಡು ಸಲವೂ ಎಡಗಡೆಯೇ ಕೂತುಬಿಟ್ಟೆ.

ಹೇಳುವಂಥದ್ದೇನಿದೆ?

19 ಮಾರ್ಚ್

ನಿನ್ನೆ ಬರೆಯಲಾಗಲಿಲ್ಲ. ನಾಟಕ ಕೆಟ್ಟುಹೋಯಿತು. ಕೆಡಿಸಿದವನು ಯಾರೆಂದು ಸ್ಪಷ್ಟವಾಗಿ ಬರೆದಿಡುತ್ತೇನೆ.

ಸಂಜೆ ನಾಲ್ಕಕ್ಕೇ ಜನ. ಚಾಂಪಿಯನ್ ರೀಫ್ಸ್, ನಂದಿದುರ್ಗ, ಉರಿಗಾಂ, ಎಲ್ಲ ಲೈನುಗಳಿಂದ. ಮುದುಕಿಯರು ಮೆಟ್ಟಿಲು ಮುಟ್ಟಿ ನೋಡಿ ಹತ್ತಿದರು. ಯಾರೋ ಒಬ್ಬಳು "ಇಷ್ಟೇನಾ?" ಅಂದದ್ದು ಕೇಳಿ ಖುಷಿಯಾಯಿತು. ಬೆತ್ತದ ಕುರ್ಚಿಗಳಲ್ಲಿ ಆಫೀಸರ್, ಮಿಸ್ ಪ್ರಾಸರ್. ಉಳಿದವರು ನೆಲದ ಮೇಲೆ, ಕಿಟಕಿಯಲ್ಲಿ, ಕಂಬದ ಮೇಲೆ. ಕಡಲೆಕಾಯಿ ಸಿಪ್ಪೆ ಆ ಕುಣಿಯುವ ನೆಲದ ತುಂಬ.

ಪರದೆ ಎದ್ದಾಗ ಒಂದೇ ಸಲಕ್ಕೆ ಎಲ್ಲರೂ "ಆ" ಅಂದರು. ನಾನು ಟೋಪಿ, ಪೈಪು, ಸುಣ್ಣ ಬಳಿದ ಮುಖ. ನಡೆದೆ, ಬೈದೆ, ಕೆಮ್ಮಿದೆ. ಜಯರಾಮ ಬಗ್ಗಿದ. ಜನ ನಕ್ಕರು. ನಗು ಅವನ ತಲೆಗೇರಿತು. ನಟನಿಗೆ ಒಂದು ನಗು ಕೊಟ್ಟರೆ ಸಾಕು, ಹತ್ತು ಕೇಳುತ್ತಾನೆ. ನಾನು ತೆಗೆದುಹಾಕಿದ್ದ ಭುಜ ಮೇಲೆದ್ದಿತು. ಡಬ್ಬಿ ಬಂದಿತು, ಎರಡು ಸಲ ತಟ್ಟಿದ. ನಸ್ಯ ಏರಿತು.

ಆಮೇಲೆ ಕಿಟಕಿಯಿಂದ ಯಾರೋ ಕೂಗಿದರು: "ಡೇಯ್, ನಮ್ಮ ಪೆರುಮಾಳಣ್ಣ ಕಣ್ರೋ!"

ಇಡೀ ಪೆವಿಲಿಯನ್ ಗಹಗಹಿಸಿತು. ಹೆಂಗಸರ ನಡುವೆ ಕೂತಿದ್ದ ಅಮ್ಮ ನಗಲಿಲ್ಲ.

ನಾನು ನಿಲ್ಲಿಸಬಹುದಿತ್ತು. ದೊರೆಯ ಮಾತು ನನ್ನ ಬಾಯಲ್ಲಿತ್ತು, ಬೇರೆ ಏನಾದರೂ ಆಡಿ ತಿರುಗಿಸಬಹುದಿತ್ತು. ಆದರೆ ತಂಡದ ಶಿಸ್ತು ಅಂತ ಒಂದಿದೆ. ಗುರುತಿನ ಜಾಗಕ್ಕೆ, ಗೆರೆಯ ಈಚೆಗೆ ಬಂದು, ಜನರ ಕಡೆ ಮುಖ ಮಾಡಿ ಹಿಂದಕ್ಕೆ ಕಾಲು ಚಾಚಿದೆ. ಜಯರಾಮ ಹಿಂದಿನಿಂದ ತೆವಳಿಕೊಂಡು ಬರುವುದು ಹಲಗೆಯ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಓರೆಗಣ್ಣಿನಲ್ಲಿ ಮರೆಯ ಕಡೆ ನೋಡಿದೆ.

ಅಪ್ಪ ಜಯರಾಮನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ. ಕೋಪವಿಲ್ಲ, ದುಃಖವಿಲ್ಲ. ಕೆಲಸದಲ್ಲಿರುವವನು ಸಮಯ ನೋಡುವಂತೆ. ಆ ನೋಟ ಆ ಕಾಲದಲ್ಲಿ ಯಾರ ಮೇಲೆ ಬೀಳುತ್ತಿದ್ದದ್ದು ಎಂದು ನನಗೆ ಹೊಳೆಯುವಷ್ಟರಲ್ಲಿ—

ಧಡ್.

ಚಾಚಿದ ಹಿಮ್ಮಡಿಗೆ ಗೇಣು ಆಚೆ ಪರದೆ ಬಿದ್ದ ಗಾಳಿಗೆ ಟೋಪಿ ಹಾರಿ ಆಫೀಸರನ ಕಾಲ ಬುಡಕ್ಕೆ ಬಿತ್ತು. ಜಯರಾಮ ಪರದೆಯ ಆಚೆ, ನಾನು ಈಚೆ. ಸುಣ್ಣ ಬಳಿದುಕೊಂಡ ದೊರೆಯೊಬ್ಬ ಒಂದು ಕಾಲು ಹಿಂದಕ್ಕೆ ಚಾಚಿಕೊಂಡು, ಬೀಳುವವರೇ ಇಲ್ಲದೆ, ಸಾವಿರ ಜನದ ಮುಂದೆ ಒಂಟಿಯಾಗಿ.

ಅಂಥ ನಗುವನ್ನು ನಾನು ಹುಟ್ಟಿದಮೇಲೆ ಕೇಳಿಲ್ಲ. ತಗಡು ಅದುರಿ ಪಾರಿವಾಳಗಳೆಲ್ಲ ಎದ್ದುಹೋದವು. ಒಳಗೆ ಹೋಗಲು ಪರದೆಯಲ್ಲಿ ಸಂದು ಹುಡುಕಿದೆ, ಸಿಗಲಿಲ್ಲ. ನುಗ್ಗಲು ಹೋದರೆ ಮಕಮಲ್ಲು ಮುಖಕ್ಕೆ ಸುತ್ತಿಕೊಂಡಿತು. ನಗು ಇನ್ನೂ ಜೋರಾಯಿತು. ಪಾಪಕ್ಕ ಆಚೆಯಿಂದ ತಮಟೆ ಬಾರಿಸಿದಳು, ದ್ರೋಹಿ. ಮಿಸ್ ಪ್ರಾಸರ್ ಕಣ್ಣೀರು ಒರೆಸಿಕೊಳ್ಳುತ್ತ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಅದು ನನಗಲ್ಲ, ರಾಟೆ ಇರುವ ಮರೆಯ ಕಡೆ ತಿರುಗಿ. ಅಮ್ಮ? ಅಮ್ಮ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಘೋಷಣೆ ಕೂಗಲೇ ಇಲ್ಲ.

ಜನ ಹೋದಮೇಲೆ ಮರೆಗೆ ನುಗ್ಗಿದೆ.

"ಯಾಕೆ ಇಳಿಸಿದೆ? ನಾಟಕ ಇನ್ನೂ ಇತ್ತು!"

"ಇತ್ತು" ಅಂದ ಅಪ್ಪ, ಹಗ್ಗ ಸುತ್ತುತ್ತ. "ಬ್ಯಾಡಾಗಿತ್ತು."

"ಅದನ್ನ ಹೇಳೋಕೆ ನೀನ್ಯಾರು?"

"ಪರದೆಯೋನು."

ಜಯರಾಮ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅಪ್ಪ ಅವನ ಕಡೆ ತಿರುಗಿದ.

"ನಸ್ಯ ಚೆನ್ನಾಗಿ ಆಕ್ದೆ ಮಗಾ. ಭುಜಾನೂ ನಂದೇ. ಬಗ್ಗಿದ್ದೂ ಸರೀನೇ, ನಾ ಬಗ್ತಿದ್ದೆ, ಇಲ್ಲ ಅನ್ನಲ್ಲ. ಆದ್ರೆ ನೀ ಬಗ್ದಾಗ ಎರಡು ಕೈನೂ ಮುಂದಕ್ ಬಂದ್ವು ನೋಡು. ಅಲ್ಲೇ ತಪ್ಪಿದ್ದು. ನಾ ಬಗ್ಗಿದ್ರೂ ಒಂದು ಕೈ ಅಗ್ಗದ ಮ್ಯಾಲೇ ಇರ್ತಿತ್ತು."

ಹೊರಡುವಾಗ ತನ್ನ ಕೋಟಿನ ತೋಳಿನಿಂದ ನನ್ನ ಮುಖದ ಸುಣ್ಣ ಒರೆಸಿದ. ಒರಟಾಗಿ, ಪಾತ್ರೆ ಉಜ್ಜುವ ಹಾಗೆ.

ಇಡೀ ನಾಟಕ ಹಾಳಾಯಿತು. ಇದನ್ನು ಮರೆಯುವುದಿಲ್ಲ.

28 ಮಾರ್ಚ್

ಕೆಡವಿದರು. ತಗಡು ಕಿತ್ತು ಬಂಗಾರಪೇಟೆ ಗುಜರಿಯವನ ಲಾರಿಗೆ ತುಂಬಿದರು. ಮಿಸ್ ಪ್ರಾಸರ್ ಸೂರಿನಂಚಿನ ಕೆತ್ತನೆಯ ಮರದ ತುಂಡೊಂದನ್ನು ಸೀರೆಯಲ್ಲಿ ಸುತ್ತಿಕೊಂಡು ಹೋದಳು. ಸೀರೆ ಅಮ್ಮನದು. ಅಪ್ಪ ನೋಡಲು ಹೋಗಲಿಲ್ಲ. "ಬಿದ್ಮೇಲೆ ಏನ್ ನೋಡೋದು" ಅಂದ.

ನಾನು ಸುಮ್ಮನೆ ಆ ಕಡೆ ಹಾದುಹೋದೆ. ರೈಲು ಉರಿಗಾಂನಲ್ಲಿ ನಿಂತಿತ್ತು, ಇಳಿದೆ, ಅಷ್ಟೆ. ರಂಗದ ಜಾಗದಲ್ಲಿ ಆಕಾಶ ಇತ್ತು. ರಾಟೆಯ ಹಗ್ಗ ಮಣ್ಣಿನಲ್ಲಿ ಬಿದ್ದಿತ್ತು, ಕೂಲಿಯವರು ಅದನ್ನು ತುಳಿದು ಓಡಾಡುತ್ತಿದ್ದರು. ಗಟ್ಟಿಯಾದ ಹಗ್ಗ, ದಂಡವಾಗುತ್ತದಲ್ಲ ಅಂತ ತಂದೆ.

"ಇದ್ಯಾಕ್ಲಾ ತಂದೆ?" ಅಂದ ಅಪ್ಪ.

"ಬಟ್ಟೆ ಒಣಗಹಾಕೋಕೆ."

ಅವನು ಅದನ್ನು ಮೂಸಿ ನೋಡಿದ. ಅಮ್ಮ ಬೇವಿನ ಮರಕ್ಕೂ ಗೋಡೆಗೂ ಕಟ್ಟಿದಳು. ಮೊದಲು ಒಣಗಿದ್ದು ಬಿಳಿ ಕೋಟು.

8 ಏಪ್ರಿಲ್

ಬಂಗಾರಪೇಟೆ ರೈಲ್ವೆ ಸ್ಟೇಷನ್ ಮುಂದೆ 'ದೊರೆಯ ಕಾಲು'. ಎಂದಿನ ಬೀದಿ, ಎಂದಿನ ಧೂಳು, ಜಟಕಾ ಕುದುರೆಗಳ ವಾಸನೆ. ಪರದೆ ಇಲ್ಲ, ಹಲಗೆ ಇಲ್ಲ. ಇದೇ ನಮ್ಮ ಜಾಗ. ಇಲ್ಲಿ ಯಾರೂ ಬಟ್ಟೆ ಇಳಿಸಲಾರರು.

ಅಪ್ಪ ಬಂದಿದ್ದ. ನಾನು ಕರೆದಿರಲಿಲ್ಲ. ಇವತ್ತು ನಾಟಕ ಇದೆ, ಎರಡು ಗಂಟೆಯ ರೈಲಿಗೆ ಹೋಗುತ್ತೇನೆ, ರೈಲಿನಲ್ಲಿ ಜಾಗ ಇರುತ್ತದೆ ಅಂತ ಅವನ ಬಲಗಿವಿಯ ಕಡೆ ನಿಂತು ಹೇಳಿದ್ದೆ, ಅಷ್ಟೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತ.

ದೃಶ್ಯದಲ್ಲಿ ಸಣ್ಣ ಬದಲಾವಣೆ ಮಾಡಿದ್ದೇನೆ. ಸಲಾಂಸಾಮಿ ಬಗ್ಗುತ್ತಾನೆ, ಆದರೆ ಒಂದು ಕೈ ಯಾವಾಗಲೂ ಹಿಂದೆ, ಕಾಣದ ಹಗ್ಗದ ಮೇಲೆ. ಜಯರಾಮನಿಗೆ ಅದು ಸುಲಭವಾಗುತ್ತದೆ, ಅದಕ್ಕೆ. ನಸ್ಯವೂ ಇದೆ. ಉದ್ದವೇನೂ ಆಗಲಿಲ್ಲ.

ನಾನು ಕಾಲು ಚಾಚಿದೆ. ಜಯರಾಮ ತೆವಳತೊಡಗಿದ. ತಂಡ ಘೋಷಣೆಗೆ ಮುಷ್ಟಿ ಕಟ್ಟಿ ತಯಾರಾಯಿತು. ಬೆಂಚಿನ ಮೇಲೆ ಕೂತ ಅಪ್ಪನ ಬಲಗೈ ಮೊಣಕಾಲಿನಿಂದ ಮೇಲೆದ್ದು ನಿಂತಿತ್ತು, ಬೆರಳು ಮಡಿಸಿ, ಏನನ್ನೋ ಹಿಡಿದ ಹಾಗೆ. ನಾನು ದೊರೆಯ ಹಾಗೆ ದೂರ ನೋಡಬೇಕಿತ್ತು. ಆ ಕೈಯನ್ನೇ ನೋಡುತ್ತಿದ್ದೆ. ಜಯರಾಮನೂ ತೆವಳುತ್ತ ಅದನ್ನೇ ನೋಡುತ್ತಿದ್ದ. ಪಾಪಕ್ಕನ ಕೋಲು ತಮಟೆಯಿಂದ ಒಂದು ಗೇಣು ಮೇಲೆ ನಿಂತಿತ್ತು.

ಕೈ ಬಿತ್ತು.

ಜಯರಾಮ ಇದ್ದಲ್ಲೇ ನಿಂತ, ಪಾಪಕ್ಕ ಒಂದೇ ಒಂದು ಏಟು ಹಾಕಿದಳು. ನಾನು ಒಂಟಿ ಕಾಲಿನಲ್ಲಿ, ಬಾಯಿ ತೆರೆದುಕೊಂಡು, ಖಾಲಿ ಬೀದಿಗೆ ಕಾಲು ಚಾಚಿ ನಿಂತೆ. ಜನ ನಕ್ಕರು. ಜಟಕಾದವರು ನಕ್ಕರು. ಟೀ ಅಂಗಡಿಯವನು ಗ್ಲಾಸು ತೊಳೆಯುವುದು ಬಿಟ್ಟು ನಕ್ಕ.

ಘೋಷಣೆ ಯಾರಿಗೂ ನೆನಪಾಗಲಿಲ್ಲ. ಪೊಲೀಸರೂ ಬರಲಿಲ್ಲ. ಬಗ್ಗಿ ಚಪ್ಪಾಳೆ ತೆಗೆದುಕೊಳ್ಳೋಣ ಅಂತ ತಿರುಗಿದರೆ ಅಪ್ಪ ಆಗಲೇ ಎದ್ದು, ಬೆನ್ನು ಮಾಡಿ, ಡಬ್ಬಿ ತಟ್ಟುತ್ತ ಪ್ಲಾಟ್‌ಫಾರಮ್ಮಿನ ಕಡೆ ಹೊರಟಿದ್ದ.